ಮನೆ ಮಾರಾಟ: ಜಾಲತಾಣವೋ, ಊರಿನ ದಲ್ಲಾಳಿಯೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಮಾರಿ ನೋಡು ಎಂದು ಅವರು ಹೇಳಲಿಲ್ಲ. ಮನೆಯನ್ನು ಮಾರುವ ಪ್ರಸಂಗ ಬಂದೀತೆಂಬ ಎಣಿಕೆಯೇ ಅವರಿಗೆ ಇದ್ದಿರಲಾರದು. ಇಂದು ಕರಾವಳಿ ಮತ್ತು ಮಲೆನಾಡಿನ ಅನೇಕ ಮನೆಗಳ ಜಗಲಿಯಲ್ಲಿ ಆ ಮಾತು ಬಂದು ಕುಳಿತಿದೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲೆಸಿದ್ದಾರೆ. ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಮದ್ದು ಬಿಡಲು ಜನ ಸಿಗುವುದಿಲ್ಲ. ವಯಸ್ಸಾದ ಇಬ್ಬರೇ ಉಳಿದ ಮನೆಯಲ್ಲಿ ಒಂದು ದಿನ ಮಾತು ಮಾರಾಟಕ್ಕೆ ಬಂದು ನಿಲ್ಲುತ್ತದೆ. ಆಗ ಮಗ ದೂರವಾಣಿಯಲ್ಲಿ ಹೇಳುತ್ತಾನೆ: ‘ಇಂಟರ್ನೆಟ್ಟಿನಲ್ಲಿ ಹಾಕೋಣ.’ ತಂದೆ ಹೇಳುತ್ತಾರೆ: ‘ಪೇಟೆಯಲ್ಲಿ ಗುರುತಿನ ಬ್ರೋಕರ್ ಇದ್ದಾನೆ, ಅವನಿಗೆ ಹೇಳಿದರೆ ಸಾಕು.’

ಇಬ್ಬರಲ್ಲಿ ಯಾರ ಮಾತು ಸರಿ? ಪ್ರಶ್ನೆ ಮೇಲ್ನೋಟಕ್ಕೆ ಒಂದು ಕುಟುಂಬದ ಖಾಸಗಿ ವಿಚಾರ. ಆದರೆ ಜೀವಮಾನದ ಗಳಿಕೆಯೆಲ್ಲ ಒಂದೇ ಸಹಿಯಲ್ಲಿ ಕೈ ಬದಲಾಗುವ ಈ ವ್ಯವಹಾರದಲ್ಲಿ ಮಾರುವವನಿಗೆ ಕಾನೂನಿನ ಆಸರೆ ಎಷ್ಟಿದೆ ಎಂದು ನೋಡಹೊರಟರೆ ಅದು ಸಾರ್ವಜನಿಕ ವಿಚಾರವಾಗುತ್ತದೆ.

ದಕ್ಷಿಣ ಕನ್ನಡ ಜಿಲ್ಲೆ ಬೆಳ್ತಂಗಡಿ ತಾಲೂಕಿನ ಮುಂಡಾಜೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉಜಿರೆಯಿಂದ ಚಾರ್ಮಾಡಿ ಘಾಟಿಯತ್ತ ಹೊರಟವರಿಗೆ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಸಿಗುವ ಊರು ಇದು. ಅಡಿಕೆ ತೋಟಗಳ ಊರು. ತಲೆಮಾರುಗಳಿಂದ ತೋಟ ಮಾಡಿಕೊಂಡು ಬಂದ ಚಿತ್ಪಾವನ ಕುಟುಂಬಗಳಿಗೂ ಹೆಸರಾದದ್ದು. ಪುಂಜಾಲಕಟ್ಟೆ–ಚಾರ್ಮಾಡಿ ನಡುವೆ ಹೆದ್ದಾರಿ ವಿಸ್ತರಣೆ ಕೈಗೆತ್ತಿಕೊಂಡ ಮೇಲೆ ರಸ್ತೆ ಬದಿಯ ಜಾಗದ ಮೇಲಿನ ನಿರೀಕ್ಷೆ ಏರುವುದು ಸಹಜ. ಇದರ ಜತೆಗೆ 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಅಡ್ಡಿಯಾಗಿದ್ದ 79ಎ ಮತ್ತು 79ಬಿ ಕಲಂಗಳು ರದ್ದಾದವು. ಅಂದರೆ ಮುಂಡಾಜೆಯ ತೋಟದ ಮನೆಯನ್ನು ಕೊಳ್ಳಬಲ್ಲವರು ಇಂದು ನೆರೆಯ ಕೃಷಿಕರಷ್ಟೇ ಅಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೂ ಕೊಳ್ಳಬಹುದು. ಈ ದೂರದ ಗಿರಾಕಿಯನ್ನು ತಲಪುವ ಶಕ್ತಿ ಊರಿನ ದಲ್ಲಾಳಿಗೆ ಕಡಿಮೆ, ಜಾಲತಾಣಕ್ಕೆ ಹೆಚ್ಚು. ಮಗನ ಮಾತಿನಲ್ಲಿ ಇಷ್ಟು ಸತ್ಯವಿದೆ.

ಫಾರಂಗೆ ಸಿಗದ ಮನೆ

ಆಸ್ತಿ ಮಾರಾಟದ ಜಾಲತಾಣಗಳು ನಮ್ಮಲ್ಲಿ ಹೊಸತೇನಲ್ಲ. 99ಏಕರ್ಸ್ 2005ರಲ್ಲಿ, ಮ್ಯಾಜಿಕ್‌ಬ್ರಿಕ್ಸ್ 2006ರಲ್ಲಿ ಆರಂಭವಾದವು. ದಲ್ಲಾಳಿಯೇ ಬೇಡ ಎಂಬ ಘೋಷಣೆಯನ್ನು ಹೆಸರಿನಲ್ಲೇ ಹೊತ್ತ ನೋಬ್ರೋಕರ್ 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 2021ರಲ್ಲಿ ನೂರು ಕೋಟಿ ಡಾಲರ್ ಮೌಲ್ಯದ ಕಂಪೆನಿಯೆನಿಸಿತು. ಇವು ಬೆಳೆದದ್ದು ಮಹಾನಗರಗಳ ಫ್ಲಾಟುಗಳನ್ನು ನಂಬಿ. ಅಲ್ಲಿ ಒಂದು ಕಟ್ಟಡದ ನೂರು ಮನೆಗಳು ಬಹುಪಾಲು ಒಂದೇ ಬಗೆಯವು. ಎಷ್ಟು ಚದರ ಅಡಿ, ಎಷ್ಟು ಮಲಗುವ ಕೋಣೆ, ಎಷ್ಟನೆಯ ಮಹಡಿ ಎಂದು ಹೇಳಿದರೆ ಕೊಳ್ಳುವವನಿಗೆ ಮುಕ್ಕಾಲು ವಿಷಯ ತಿಳಿದಂತೆ.

ಮುಂಡಾಜೆಯ ಮನೆ ಈ ಫಾರಂನ ಅಂಕಣಗಳಲ್ಲಿ ಕುಳಿತುಕೊಳ್ಳುವುದಿಲ್ಲ. ಇಲ್ಲಿ ಲೆಕ್ಕ ಎಕರೆ ಮತ್ತು ಸೆಂಟ್ಸ್‌ನಲ್ಲಿ. ಮನೆಯೆಂದರೆ ಅಂಗಳ, ಹಟ್ಟಿ, ಬಾವಿ, ಪಂಪು, ತೋಟ, ಗುಡ್ಡೆ ಎಲ್ಲವೂ ಸೇರಿ. ಕೊಳ್ಳುವ ಕೃಷಿಕ ಮೊದಲು ಕೇಳುವುದು ಎಪ್ರಿಲ್ ತಿಂಗಳಲ್ಲಿ ನೀರು ಎಷ್ಟಿರುತ್ತದೆ ಎಂದು. ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆಯೇ, 2019ರ ಆಗಸ್ಟ್‌ನಲ್ಲಿ ಮೃತ್ಯುಂಜಯ ನದಿ ಉಕ್ಕಿದಾಗ ಈ ತೋಟಕ್ಕೆ ನೀರು, ಮರಳು ನುಗ್ಗಿತ್ತೇ, ಮನೆಯ ತನಕ ಲಾರಿ ಹೋಗುವ ದಾರಿ ಪಂಚಾಯತಿಯದೋ ನೆರೆಯವರ ವರ್ಗ ಜಾಗದ್ದೋ ಎಂಬವು ಆಮೇಲಿನ ಪ್ರಶ್ನೆಗಳು. ಜಾಗದಲ್ಲಿ ನಾಗಬನವಿದ್ದರೆ ಅಥವಾ ಕುಟುಂಬದ ದೈವದ ಕಟ್ಟೆಯಿದ್ದರೆ ಅದನ್ನು ಮುಂದೆ ನಡೆಸಿಕೊಂಡು ಹೋಗುವವರು ಯಾರು ಎಂಬುದೂ ಕ್ರಯದ ಮಾತಿನ ಭಾಗವೇ. ಚದರ ಅಡಿ ಕೇಳುವ ಫಾರಂನಲ್ಲಿ ಇದಕ್ಕೆ ಅಂಕಣವಿಲ್ಲ.

ಇನ್ನು ಕುಮ್ಕಿಯ ವಿಚಾರ. ಹಳೆಯ ದಕ್ಷಿಣ ಕನ್ನಡದ ವರ್ಗ ಜಮೀನುಗಳ ಸುತ್ತ ನೂರು ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವು ಪಡೆಯುವ ವಿಶೇಷ ಸವಲತ್ತು ವರ್ಗದಾರನಿಗೆ ಇದೆ. ಅದು ಸವಲತ್ತು ಮಾತ್ರ. ಭೂಮಿಯ ಒಡೆತನ ಸರಕಾರದ್ದು. ಆದರೆ ತಲೆಮಾರುಗಳಿಂದ ಅನುಭವಿಸಿದ ಕುಮ್ಕಿಯನ್ನೂ ಸೇರಿಸಿ ‘ಐದು ಎಕರೆ’ ಎನ್ನುವುದು ರೂಢಿ. ಜಾಲತಾಣದಲ್ಲಿ ಐದು ಎಕರೆ ಎಂದು ಪ್ರಕಟಿಸಿ, ಗಿರಾಕಿ ಬೆಂಗಳೂರಿನಿಂದ ಬಂದು ಆರ್‌ಟಿಸಿ ನೋಡಿ ಮೂರೇ ಎಕರೆ ಕಂಡರೆ, ಮಾರುವವರು ಮೋಸಗಾರರೆಂಬ ಭಾವನೆ ಆತನ ಮನಸ್ಸಿನಲ್ಲಿ ಮೂಡದೆ ಇರದು. ಆಡಿದವರ ಮನಸ್ಸಿನಲ್ಲಿ ಮೋಸವಿರಲಿಲ್ಲ. ಆದರೆ ವ್ಯವಹಾರ ಅಲ್ಲಿಗೆ ಮುರಿಯುತ್ತದೆ.

ಊರವನ ಬಲ, ಊರವನ ಲೆಕ್ಕ

ಈ ಎಲ್ಲ ಪ್ರಶ್ನೆಗಳಿಗೂ ಊರಿನ ದಲ್ಲಾಳಿಯ ಬಳಿ ಉತ್ತರವಿರುತ್ತದೆ. ಯಾರ ತೋಟದ ಗಡಿ ಎಲ್ಲಿ, ಯಾವ ಅಣ್ಣತಮ್ಮಂದಿರಲ್ಲಿ ಪಾಲಿನ ತಕರಾರಿದೆ, ಯಾರ ಮಗ ಊರಿಗೆ ಮರಳಿ ತೋಟ ಹುಡುಕುತ್ತಿದ್ದಾನೆ ಎಂಬುದು ಆತನಿಗೆ ಬಾಯಿಪಾಠ. ಗ್ರಾಮಕರಣಿಕರ ಕಚೇರಿಯಿಂದ ಬೆಳ್ತಂಗಡಿಯ ಉಪನೋಂದಣಿ ಕಚೇರಿಯವರೆಗೆ ಕಡತ ಹೇಗೆ ಸಾಗುತ್ತದೆಂಬುದೂ ಗೊತ್ತು. ನಾಳೆಯೂ ಅದೇ ಪೇಟೆಯಲ್ಲಿ ಮುಖ ತೋರಿಸಬೇಕಾದವನೆಂಬ ಒಂದು ಅಂಜಿಕೆಯೂ ಆತನಿಗಿದೆ. ತಂದೆಯ ಮಾತಿನಲ್ಲಿರುವ ಸತ್ಯ ಇದು.

ಆದರೆ ದಲ್ಲಾಳಿಯ ಲೆಕ್ಕವನ್ನೂ ತಿಳಿದಿರಬೇಕು. ಉದಾಹರಣೆಗೆ, ಮನೆ ಮತ್ತು ತೋಟಕ್ಕೆ 80 ಲಕ್ಷ ರೂಪಾಯಿ ಬರಬಹುದು ಎಂದಿಟ್ಟುಕೊಳ್ಳಿ. ಶೇ. 2ರಂತೆ ಕಮಿಷನ್ 1,60,000 ರೂಪಾಯಿ. 75 ಲಕ್ಷಕ್ಕೆ ಒಪ್ಪುವ ಗಿರಾಕಿ ಇಂದೇ ಸಿದ್ಧನಿದ್ದಾನೆ; 80 ಲಕ್ಷದವನು ಸಿಗಲು ಆರು ತಿಂಗಳು ಕಾಯಬೇಕಾದೀತು. ಇಂದೇ ಮುಗಿಸಿದರೆ ಮಾರುವವರಿಗೆ ನಷ್ಟ 5 ಲಕ್ಷ. ದಲ್ಲಾಳಿಗೆ ನಷ್ಟ ಕೇವಲ 10,000 ರೂಪಾಯಿ. ‘ಇದಕ್ಕಿಂತ ಹೆಚ್ಚು ಬರುವುದಿಲ್ಲ, ಕೊಟ್ಟುಬಿಡಿ’ ಎಂಬ ಸಲಹೆಯ ಹಿಂದೆ ಈ ಗಣಿತವೂ ಇರುತ್ತದೆ. ಎರಡೂ ಕಡೆಯಿಂದ ಕಮಿಷನ್ ಪಡೆಯುವಾತ ಯಾರ ಪರ ಎಂಬುದೂ ಅಸ್ಪಷ್ಟ.

ಇದಕ್ಕಿಂತ ಅಪಾಯಕಾರಿ ಪದ್ಧತಿಗಳು ಎರಡಿವೆ. ‘ನಿಮ್ಮ ಕೈಗೆ ಎಷ್ಟು ಬರಬೇಕು ಹೇಳಿ, ಮೇಲಿನದ್ದು ನನಗಿರಲಿ’ ಎಂಬುದು ಒಂದು. ಇದರಲ್ಲಿ ಕೊಳ್ಳುವವನು ನಿಜವಾಗಿ ಎಷ್ಟು ಕೊಟ್ಟ ಎಂಬುದು ಮಾರಿದವರಿಗೆ ತಿಳಿಯುವುದೇ ಇಲ್ಲ. ಸಣ್ಣ ಮುಂಗಡ ಕೊಟ್ಟು ದಲ್ಲಾಳಿ ತನ್ನ ಅಥವಾ ತನ್ನವರ ಹೆಸರಿಗೆ ಕರಾರು ಬರೆಸಿಕೊಂಡು, ಅವಧಿಯೊಳಗೆ ಹೆಚ್ಚಿನ ಬೆಲೆಗೆ ಬೇರೆಯವರಿಗೆ ದಾಟಿಸುವುದು ಇನ್ನೊಂದು. ಎಲ್ಲ ದಲ್ಲಾಳಿಗಳೂ ಹೀಗೆ ಎನ್ನುವುದು ಅನ್ಯಾಯವಾದೀತು. ಪ್ರಾಮಾಣಿಕವಾಗಿ ದುಡಿದು ಹೆಸರು ಉಳಿಸಿಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ವ್ಯವಸ್ಥೆಯೊಂದು ವ್ಯಕ್ತಿಯ ಒಳ್ಳೆಯತನವನ್ನಷ್ಟೇ ನಂಬಿ ನಿಲ್ಲಬಾರದು.

ಜಾಲತಾಣಕ್ಕೂ ಅದರದೇ ಲೆಕ್ಕವಿದೆ. ಅದರ ಆದಾಯದ ಮುಖ್ಯ ಭಾಗ ಬರುವುದು ಜಾಹೀರಾತು ಮತ್ತು ಸದಸ್ಯತ್ವದ ಶುಲ್ಕದಿಂದ. ಮನೆ ಮಾರಾಟವಾಗಲಿ ಬಿಡಲಿ, ಆ ಹಣ ಸಂದಾಯವಾಗಿರುತ್ತದೆ. ದೂರವಾಣಿ ಸಂಖ್ಯೆ ಪ್ರಕಟವಾದ ಮರುಗಳಿಗೆಯಿಂದ ಬರುವ ಕರೆಗಳಲ್ಲಿ ಅನೇಕವು ಬೇರೆ ದಲ್ಲಾಳಿಗಳದ್ದೇ ಆಗಿರುತ್ತವೆ. ಸೇನಾಧಿಕಾರಿ ಎಂದು ಹೇಳಿಕೊಂಡು, ಮುಂಗಡ ಕಳುಹಿಸುತ್ತೇನೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವ ವಂಚಕರ ಜಾಲ ದೇಶವಿಡೀ ಕುಖ್ಯಾತ. ಹಣ ಪಡೆಯಲು ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ ಎಂಬ ಸರಳ ಸಂಗತಿಯನ್ನು ಮನೆಯ ಹಿರಿಯರಿಗೆ ಮೊದಲೇ ತಿಳಿಸಿಡುವುದು ಒಳಿತು.

ಬ್ರಿಟನ್ನಿನ ಪಾಠ

ಜಾಲತಾಣವೇ ದಲ್ಲಾಳಿಯ ಜಾಗವನ್ನು ಪೂರ್ತಿ ತುಂಬಬಲ್ಲದೇ ಎಂಬುದಕ್ಕೆ ಬ್ರಿಟನ್ನಿನಲ್ಲಿ ದೊಡ್ಡ ಪ್ರಯೋಗವೇ ನಡೆದಿದೆ. 2014ರಲ್ಲಿ ಕಾರ್ಯಾರಂಭ ಮಾಡಿದ ಪರ್ಪಲ್‌ಬ್ರಿಕ್ಸ್ ಎಂಬ ಕಂಪೆನಿ ಶೇಕಡಾವಾರು ಕಮಿಷನ್ ಬಿಟ್ಟು ನಿಗದಿತ ಶುಲ್ಕಕ್ಕೆ ಮನೆ ಮಾರಿಸಿಕೊಡುವೆನೆಂದು ಹೊರಟಿತು. ಮನೆ ಮಾರಾಟವಾಗದಿದ್ದರೂ ಶುಲ್ಕ ಕೊಡಬೇಕೆಂಬುದೇ ಅದರ ಮೇಲಿದ್ದ ದೊಡ್ಡ ಆಕ್ಷೇಪ. ಆಸ್ಟ್ರೇಲಿಯ ಮತ್ತು ಅಮೆರಿಕಕ್ಕೂ ಕಾಲಿಟ್ಟು 2019ರಲ್ಲಿ ಎರಡೂ ಕಡೆಯಿಂದ ಹಿಂದೆ ಸರಿಯಿತು. 2023ರಲ್ಲಿ ತನ್ನ ವ್ಯವಹಾರವನ್ನು ಕೇವಲ ಒಂದು ಪೌಂಡಿಗೆ ಪ್ರತಿಸ್ಪರ್ಧಿ ಕಂಪೆನಿಗೆ ಒಪ್ಪಿಸಿತು. ಅಮೆರಿಕದ ಝಿಲ್ಲೋ ಸಂಸ್ಥೆಯದ್ದು ಇನ್ನೊಂದು ಬಗೆಯ ಅನುಭವ. ಗಣಕದ ಅಂದಾಜು ನಂಬಿ ತಾನೇ ಮನೆಗಳನ್ನು ಕೊಂಡು ಮಾರುತ್ತಿದ್ದ ಸಂಸ್ಥೆ, ಬೆಲೆಯ ಏರಿಳಿತವನ್ನು ಊಹಿಸಲಾಗದೆ 2021ರಲ್ಲಿ ಆ ವಿಭಾಗವನ್ನೇ ಮುಚ್ಚಿತು. ದಾಖಲೆ, ಬೆಲೆ ಎರಡೂ ಸಾಕಷ್ಟು ಸ್ಪಷ್ಟವಾಗಿರುವ ದೇಶಗಳಲ್ಲೇ ಹೀಗಾದರೆ, ಪ್ರತಿ ಸರ್ವೆ ನಂಬರಿಗೂ ಒಂದೊಂದು ಚರಿತ್ರೆಯಿರುವ ನಮ್ಮಲ್ಲಿ ಹೇಳಬೇಕಾದ್ದೇನು?

ಕಾನೂನಿನ ಕಂದರ

ರೇರಾ ಕಾಯ್ದೆ ಇದೆಯಲ್ಲ ಎಂದು ಓದುಗರು ಕೇಳಬಹುದು. ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ 2016ರಲ್ಲಿ ಬಂತು. ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಸ್ಪರ ಪರಿಚಯಿಸಿ ಶುಲ್ಕ ಪಡೆಯುವವರು ಏಜೆಂಟರೆಂದು ಅದರ ವ್ಯಾಖ್ಯೆ ಹೇಳುತ್ತದೆ. ನೋಂದಣಿಯಿಲ್ಲದೆ ವ್ಯವಹರಿಸಿದರೆ ದಿನಕ್ಕೆ 10,000 ರೂಪಾಯಿಯಂತೆ ದಂಡವೂ ಇದೆ. ಕೇಳಲು ಎಲ್ಲವೂ ಚೆನ್ನಾಗಿದೆ. ಆದರೆ ಅದರ 9ನೇ ಕಲಂ ಓದಿದರೆ, ಏಜೆಂಟರ ನೋಂದಣಿ ಕಡ್ಡಾಯವಾಗಿರುವುದು ರೇರಾದಲ್ಲಿ ನೋಂದಾಯಿತವಾದ ಯೋಜನೆಗಳ ನಿವೇಶನ, ಫ್ಲಾಟು, ಕಟ್ಟಡಗಳ ಮಾರಾಟಕ್ಕೆ ಮಾತ್ರ. ಮುಂಡಾಜೆಯ ತಂದೆ ತನ್ನ ಹಳೆಯ ಮನೆಯನ್ನು ಮಾರಹೊರಟರೆ ಈ ಕಾಯ್ದೆ ಆ ಅಂಗಳಕ್ಕೆ ಇಳಿಯುವುದಿಲ್ಲ. ಬೆಂಗಳೂರಿನ ಬಿಲ್ಡರ್‌ನಿಂದ ಹೊಸ ಫ್ಲಾಟು ಕೊಳ್ಳುವವನಿಗೆ ಇರುವ ರಕ್ಷಣೆ, ಜೀವಮಾನದ ಮನೆಯನ್ನು ಮಾರುವ ವೃದ್ಧರಿಗೆ ಇಲ್ಲ.

ಹಾಗೆಂದು ಪೂರ್ತಿ ಅನಾಥರೇನೂ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಏಜೆನ್ಸಿ ಅಧ್ಯಾಯ ಇಂದಿಗೂ ಜಾರಿಯಲ್ಲಿದೆ. ಏಜೆಂಟ ತನ್ನ ಯಜಮಾನನಿಗೆ ಲೆಕ್ಕ ಒಪ್ಪಿಸಬೇಕೆಂದು 213ನೇ ಕಲಂ ಹೇಳುತ್ತದೆ. ಯಜಮಾನನಿಗೆ ತಿಳಿಸದೆ ತನ್ನ ಸ್ವಂತಕ್ಕೆ ವ್ಯವಹರಿಸಿದರೆ ಆ ವ್ಯವಹಾರವನ್ನು ನಿರಾಕರಿಸಲು ಅಥವಾ ಅದರಿಂದ ಏಜೆಂಟನಿಗಾದ ಲಾಭವನ್ನು ಕೇಳಲು 215 ಮತ್ತು 216ನೇ ಕಲಂಗಳಲ್ಲಿ ಅವಕಾಶವಿದೆ. ಬೇರೆ ಒಪ್ಪಂದವಿಲ್ಲದಿದ್ದರೆ, ಕೆಲಸ ಮುಗಿಯುವವರೆಗೆ ಪ್ರತಿಫಲ ಸಲ್ಲುವುದಿಲ್ಲವೆಂದು 219ನೇ ಕಲಂ ಹೇಳುತ್ತದೆ. 2016ರ ಕಾಯ್ದೆ ಕೈಬಿಟ್ಟವರನ್ನು ಬ್ರಿಟಿಷರ ಕಾಲದ ಕಾಯ್ದೆ ಕೈಹಿಡಿಯುತ್ತದೆ. ಆದರೆ ದಲ್ಲಾಳಿ ತನ್ನ ಏಜೆಂಟನೆಂದು ತೋರಿಸಲು ಬರಹದಲ್ಲಿ ಏನಾದರೂ ಇರಬೇಕಲ್ಲ? ನಮ್ಮಲ್ಲಿ ಈ ವ್ಯವಹಾರ ನಡೆಯುವುದು ಬಾಯಿಮಾತಿನಲ್ಲಿ, ಹೋಟೆಲಿನ ಚಹಾದ ಎದುರು. ಕಾನೂನಿನ ಕೊರತೆಗಿಂತ ಕಾಗದದ ಕೊರತೆಯೇ ಹೆಚ್ಚಿನವರನ್ನು ಮುಳುಗಿಸುತ್ತದೆ.

ಬೆಲೆ ತಿಳಿಯದ ಮಾರುಕಟ್ಟೆ

ಮುಂಡಾಜೆಯ ಕೃಷಿಕನಿಗೆ ಅಡಿಕೆಯ ಧಾರಣೆ ಬೆಳಗಿನ ಪತ್ರಿಕೆಯಲ್ಲೇ ಸಿಗುತ್ತದೆ. ಹಿಂದೆ ಬೆಳೆಗಾರರು ವ್ಯಾಪಾರಿಗಳು ಹೇಳಿದ ದರವನ್ನೇ ನಂಬಬೇಕಾಗಿತ್ತು. ಬೆಲೆ ಕುಸಿತದ ಬಿಕ್ಕಟ್ಟಿನ ನಡುವೆ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಸಹಕಾರಿ ಸಂಸ್ಥೆಯೊಂದು ದರ ಪ್ರಕಟಿಸಿ ಕೊಳ್ಳತೊಡಗಿದ ಮೇಲೆ ಬೆಳೆಗಾರನಿಗೆ ಅದನ್ನು ಮುಂದಿಟ್ಟುಕೊಂಡು ಮಾತಾಡುವ ಧೈರ್ಯ ಬಂತು. ಒಂದು ಚೀಲ ಅಡಿಕೆಗೆ ನಾಲ್ಕು ಕಡೆ ದರ ವಿಚಾರಿಸುವ ಅದೇ ಕೃಷಿಕ, ತೋಟವನ್ನೇ ಮಾರುವಾಗ ಒಬ್ಬನ ಬಾಯಿಯ ಮಾತನ್ನು ನಂಬಬೇಕಾಗಿದೆ.

ಜಾಲತಾಣದಲ್ಲಿ ಬೆಲೆಗಳು ಕಾಣುತ್ತವೆ, ನಿಜ. ಅವು ಮಾರುವವರು ಕೇಳುವ ಬೆಲೆಗಳು. ಕೊಳ್ಳುವವರು ಕೊಟ್ಟ ಬೆಲೆಗಳಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1995ರಿಂದೀಚೆಗೆ ಮಾರಾಟವಾದ ಮನೆಗಳ ನೋಂದಾಯಿತ ಬೆಲೆಯನ್ನು ಸರಕಾರಿ ಭೂನೋಂದಣಿ ಇಲಾಖೆಯೇ ಪ್ರಕಟಿಸುತ್ತದೆ. ನಮ್ಮಲ್ಲಿ ಸಿಗುವುದು ಮಾರ್ಗಸೂಚಿ ದರ. ಅದು ಶುಲ್ಕ ವಿಧಿಸಲು ಸರಕಾರ ಗೊತ್ತುಪಡಿಸಿದ ದರ, ಮಾರುಕಟ್ಟೆಯ ದರವಲ್ಲ. ಆದರೂ ಒಂದು ದಾರಿಯಿದೆ. ಕಾವೇರಿ ತಂತ್ರಾಂಶದಲ್ಲಿ ನೆರೆಯ ಸರ್ವೆ ನಂಬರುಗಳ ಋಣಭಾರ ಪ್ರಮಾಣಪತ್ರ ತೆಗೆದರೆ ಈಚೆಗಿನ ಕ್ರಯಪತ್ರಗಳಲ್ಲಿ ನಮೂದಾದ ಮೊತ್ತ ಕಾಣುತ್ತದೆ. ನಮೂದಾದದ್ದು ಹಲವೊಮ್ಮೆ ನಿಜವಾದ ಬೆಲೆಗಿಂತ ಕಡಿಮೆ; ಆದರೂ ಇದಕ್ಕಿಂತ ಕೆಳಗೆ ಇಳಿಯಬಾರದು ಎಂಬ ಒಂದು ಮಟ್ಟವನ್ನು ಅದು ತೋರಿಸಿಕೊಡುತ್ತದೆ.

ನಮೂದು ಕಡಿಮೆಯಾಗಲು ಕಾರಣವೂ ಸ್ಪಷ್ಟ. ಮುದ್ರಾಂಕ ಶುಲ್ಕದ ಮೇಲೆ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ. 1ರಿಂದ 2ಕ್ಕೆ ಏರಿದೆ. ಉಳಿದದ್ದನ್ನು ನಗದಾಗಿ ಕೊಡುತ್ತೇನೆ ಎಂಬ ಮಾತು ಬರುವುದು ಇಲ್ಲಿಂದಲೇ. ಆಸ್ತಿ ಮಾರಾಟದ ಮುಂಗಡವಾದರೂ 20,000 ರೂಪಾಯಿ ಅಥವಾ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ಸಾಮಾನ್ಯವಾಗಿ ನಿಷೇಧಿಸಿದೆ. ಉಲ್ಲಂಘಿಸಿದರೆ ಪಡೆದಷ್ಟೇ ಮೊತ್ತದ ದಂಡ. ಶುಲ್ಕ ಉಳಿಯುವುದು ಕೊಳ್ಳುವವನಿಗೆ, ದಂಡದ ಭಯ ಮಾರುವವರಿಗೆ. ಈ ಸಲಹೆ ಯಾರಿಂದ ಬಂದರೂ ತಿರಸ್ಕರಿಸಬೇಕು.

ಮಾರುವವರು ಮಾಡಬೇಕಾದ್ದು

ಹಾಗಾದರೆ ಮಗನ ಮಾತು ನಡೆಯಬೇಕೋ, ತಂದೆಯದ್ದೋ? ಮನೆ ಮಾರಾಟವೆಂಬುದು ಒಂದೇ ಕೆಲಸವಲ್ಲ. ದಾಖಲೆ ಸರಿಪಡಿಸುವುದು, ಬೆಲೆ ಕಟ್ಟುವುದು, ಗಿರಾಕಿಯನ್ನು ಹುಡುಕುವುದು, ನೋಂದಣಿ ಮುಗಿಸುವುದು ಎಂಬ ನಾಲ್ಕು ಕೆಲಸಗಳು ಅದರಲ್ಲಿವೆ. ನಾಲ್ಕನ್ನೂ ಒಬ್ಬರ ಕೈಗೆ ಒಪ್ಪಿಸುವುದೇ ತೊಂದರೆಯ ಮೂಲ.

ದಾಖಲೆಯ ಕೆಲಸ ಮಾರಾಟದ ಸುದ್ದಿ ಹೊರಬೀಳುವ ಮೊದಲೇ ಮುಗಿಯಬೇಕು, ಮತ್ತು ಅದು ವಕೀಲರ ಮೂಲಕ ಆಗಬೇಕು. ಆರ್‌ಟಿಸಿಯಲ್ಲಿ ಯಾರ ಹೆಸರಿದೆ? ಅಜ್ಜನ ಹೆಸರೇ ಉಳಿದಿದೆಯೇ? ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ ಆಗಿದೆಯೇ? ಭೂಪರಿವರ್ತನೆಯಾದ ಜಾಗದ ಮನೆಗೆ ಪಂಚಾಯತಿಯ ಇ-ಸ್ವತ್ತು ನಮೂನೆ 9 ಮತ್ತು 11 ಸಿಕ್ಕಿದೆಯೇ? ಅಕ್ರಮ-ಸಕ್ರಮದಲ್ಲಿ ಮಂಜೂರಾದ ಭಾಗವಿದ್ದರೆ ಪರಭಾರೆ ನಿಷೇಧದ ಅವಧಿ ಮುಗಿದಿದೆಯೇ? ಹೆಣ್ಣುಮಕ್ಕಳ ಸಹಿಯ ವಿಚಾರವನ್ನು ಹಗುರವಾಗಿ ಕಾಣುವ ಕಾಲವೂ ಹೋಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆಯೆಂದು 2005ರ ತಿದ್ದುಪಡಿಯ ಬಲದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಅಳಿಯಸಂತಾನದ ಕುಟುಂಬಗಳಲ್ಲಿ ಹಕ್ಕುದಾರರ ಪಟ್ಟಿ ಇನ್ನೂ ಉದ್ದವಿರಬಹುದು. ದಾಖಲೆ ಶುದ್ಧವಾಗಿದ್ದರೆ ದಲ್ಲಾಳಿಯ ಮಾತಿಗೆ ಅರ್ಧ ಬಲ ಕುಂದುತ್ತದೆ. ‘ಕಾಗದದಲ್ಲಿ ತೊಡಕಿದೆ, ಬೆಲೆ ಇಳಿಸಿ’ ಎನ್ನಲು ಆಸ್ಪದವಿರುವುದಿಲ್ಲ.

ಗಿರಾಕಿಯ ಹುಡುಕಾಟಕ್ಕೆ ಎರಡೂ ದಾರಿ ಬಳಸಬಹುದು. ಜಾಲತಾಣದಲ್ಲಿ ಆರ್‌ಟಿಸಿಯಲ್ಲಿರುವ ವಿಸ್ತೀರ್ಣವನ್ನಷ್ಟೇ ಬರೆದು, ಕುಮ್ಕಿಯನ್ನು ಬೇರೆಯಾಗಿ ಹೇಳಿ, ಎಪ್ರಿಲ್ ತಿಂಗಳ ಬಾವಿಯ ಚಿತ್ರವನ್ನೂ ಹಾಕಲಿ. ದೂರವಾಣಿ ಸಂಖ್ಯೆ ಮಗನದ್ದಿರಲಿ, ತಂದೆಯದ್ದಲ್ಲ. ಊರಿನ ದಲ್ಲಾಳಿಗೂ ಹೇಳಲಿ; ಆದರೆ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಮಾಡಲಿ. ಕಮಿಷನ್ ಎಷ್ಟು, ಅದು ಕ್ರಯಪತ್ರ ನೋಂದಣಿಯಾದ ದಿನವೇ ಸಲ್ಲತಕ್ಕದ್ದು, ಕೊಳ್ಳುವವನಿಂದಲೂ ಪಡೆಯುವುದಾದರೆ ತಿಳಿಸತಕ್ಕದ್ದು, ತಾನಾಗಲಿ ತನ್ನವರಾಗಲಿ ಕೊಳ್ಳುವುದಾದರೆ ಮೊದಲೇ ಹೇಳತಕ್ಕದ್ದು, ಇಷ್ಟು ತಿಂಗಳಲ್ಲಿ ಮಾರಾಟವಾಗದಿದ್ದರೆ ಒಪ್ಪಂದ ಮುಗಿಯತಕ್ಕದ್ದು ಎಂಬ ಐದು ಸಾಲು ಸಾಕು. ಪ್ರಾಮಾಣಿಕ ದಲ್ಲಾಳಿಗೆ ಇದರಿಂದ ಲಾಭವೇ; ಗಿರಾಕಿಯನ್ನು ತೋರಿಸಿಕೊಟ್ಟ ಮೇಲೆ ಕಮಿಷನ್ ತಪ್ಪಿಸುವ ಮಾರಾಟಗಾರರಿಂದ ಆತನಿಗೂ ಅದೇ ಹಾಳೆ ರಕ್ಷಣೆ. ಸಹಿಗೆ ಹಿಂಜರಿಯುವವನು ಎಷ್ಟು ಗುರುತಿನವನಾದರೂ ಬಿಡುವುದು ಲೇಸು.

ಇನ್ನೊಂದು ಎಚ್ಚರ. ಮಕ್ಕಳು ದೂರವಿದ್ದಾರೆಂದು ದಲ್ಲಾಳಿಯ ಹೆಸರಿಗೆ ಅಧಿಕಾರಪತ್ರ ಬರೆದುಕೊಡಬಾರದು. ಅಧಿಕಾರಪತ್ರದಿಂದಲೇ ಒಡೆತನ ವರ್ಗವಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಆದರೆ ಅದನ್ನು ಹಿಡಿದವನು ನಿಮ್ಮ ಪರವಾಗಿ ಕ್ರಯಪತ್ರಕ್ಕೆ ಸಹಿ ಮಾಡಬಲ್ಲ. ಕೊಡಲೇಬೇಕಾದರೆ ರಕ್ತಸಂಬಂಧಿಗೆ, ನಿರ್ದಿಷ್ಟ ಕೆಲಸಕ್ಕೆ ಮಾತ್ರ ಕೊಡಬೇಕು.

ಸರಕಾರ ಮಾಡಬೇಕಾದ್ದು

ವ್ಯಕ್ತಿಗಳ ಎಚ್ಚರಿಕೆಯೊಂದೇ ಸಾಲದು. ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಕರ್ನಾಟಕ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಹಳೆಯ ಮನೆ ಮತ್ತು ಕೃಷಿಭೂಮಿಯ ದಲ್ಲಾಳಿಗಳಿಗೂ, ಶುಲ್ಕ ಪಡೆಯುವ ಜಾಲತಾಣಗಳಿಗೂ ತಾಲೂಕು ಮಟ್ಟದಲ್ಲಿ ಸರಳ ನೋಂದಣಿಯ ವ್ಯವಸ್ಥೆ ಬರಬೇಕು. ಅದು ಊರಿನ ಸಣ್ಣ ದಲ್ಲಾಳಿಯನ್ನು ಕಚೇರಿ ಅಲೆಸುವ ಇನ್ನೊಂದು ಪರವಾನಗಿಯಾಗಬಾರದು. ಹೆಸರು, ವಿಳಾಸ, ದೂರುಗಳ ವಿವರವಿರುವ ಸಾರ್ವಜನಿಕ ಪಟ್ಟಿ ಸಾಕು. ಎರಡನೆಯದು, ನೋಂದಾಯಿತ ಕ್ರಯದ ಮೊತ್ತವನ್ನು ಹೆಸರು ಕಳಚಿ ಗ್ರಾಮವಾರು ಪ್ರಕಟಿಸುವುದು. ಭೂಮಿ ಯೋಜನೆಯ ಮೂಲಕ ಲಕ್ಷಾಂತರ ರೈತರ ಪಹಣಿಯನ್ನು ಗಣಕಕ್ಕೆ ಏರಿಸಿದ ರಾಜ್ಯಕ್ಕೆ ಇದು ಕಷ್ಟವಾಗಬಾರದು.

ಅಡಿಕೆಗೆ ಸಿಕ್ಕ ನ್ಯಾಯ ಅಡಿಕೆ ಬೆಳೆದ ಮಣ್ಣಿಗೂ, ಅದರ ನಡುವಿನ ಮನೆಗೂ ಸಿಗಬೇಡವೇ? ಅಲ್ಲಿಯವರೆಗೆ ಮುಂಡಾಜೆಯ ಜಗಲಿಯಲ್ಲಿ ಕುಳಿತ ತಂದೆ-ಮಕ್ಕಳು ಯಾವ ದಲ್ಲಾಳಿ ಎಂದು ವಾದಿಸುವ ಮೊದಲು ಪೆಟ್ಟಿಗೆ ತೆರೆದು ಹಳೆಯ ದಾಖಲೆಗಳನ್ನು ಒಟ್ಟಿಗೆ ಓದಲಿ. ಗಿರಾಕಿಯನ್ನು ಯಾರಾದರೂ ತಂದಾರು. ಮಾರುವುದು ಏನನ್ನು, ಅದಕ್ಕೆ ಬೆಲೆಯೆಷ್ಟು ಎಂಬುದನ್ನು ಮಾತ್ರ ಮನೆಯವರೇ ಮೊದಲು ಅರಿತಿರಬೇಕು.